ಬಿಂದು, ರೇಖೆ, ಕಿರಣ, ಕೋನ: ರೇಖಾಗಣಿತದ ಮೊದಲ ಪಾಠದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಐದರಿಂದ ಎಂಟನೇ ತರಗತಿಯ ಮಕ್ಕಳಿಗೆ ನಾನು ಗಣಿತ ಹೇಳಿಕೊಡುತ್ತೇನೆ. ರೇಖಾಗಣಿತದ ಮೊದಲ ಅಧ್ಯಾಯ ಶುರುವಾಗುವ ಹೊತ್ತಿಗೆ ತಂದೆ ತಾಯಂದಿರಿಂದ, ಹೊಸದಾಗಿ ಪಾಠಕ್ಕೆ ಇಳಿದ ಶಿಕ್ಷಕರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೂಡು-ಕಳೆ ಸಲೀಸಾಗಿ ಮಾಡುವ ಮಗುವೂ ಇಲ್ಲಿ ಎಡವುವುದುಂಟು. ಐದಾರು ವ್ಯಾಖ್ಯಾನ ಬರೆಸಿ, ಬಾಯಿಪಾಠ ಮಾಡಿಸಿ, ಎರಡೇ ದಿನದಲ್ಲಿ ಪುಟ ಮಗುಚುವ ನಮ್ಮ ಅವಸರವೇ ಅದಕ್ಕೆ ಕಾರಣ ಎಂದು ನನ್ನ ನಂಬಿಕೆ. ಈ ಅಧ್ಯಾಯಕ್ಕೆ ಕನಿಷ್ಠ ಎರಡು ವಾರ ಕೊಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಮೊದಲ ದಿನ ಏನು ಮಾಡಿಸಬೇಕು? ವ್ಯಾಖ್ಯಾನದಿಂದ ಶುರು ಮಾಡಬಹುದೇ?

ಬೇಡ. ವ್ಯಾಖ್ಯಾನ ಮೂರನೇ ದಿನಕ್ಕೆ ಬರಲಿ. ಮೊದಲ ದಿನ ಪ್ರತಿ ಮಗುವಿನ ಕೈಗೆ ಹಳೆಯ ಪತ್ರಿಕೆಯ ಒಂದು ಹರಿದ ತುಂಡು ಕೊಡಿ. ಅಂಚು ಸೊಟ್ಟಪಟ್ಟ ಇದ್ದಷ್ಟೂ ಒಳ್ಳೆಯದು. ಎಲ್ಲಿ ಬೇಕಾದರೂ ಒಮ್ಮೆ ಮಡಿಸಿ, ಮಡಿಕೆಯ ಮೇಲೆ ಉಗುರಿನಿಂದ ಗೀರಲು ಹೇಳಿ. ಬಿಡಿಸಿದಾಗ ಒಂದು ನೇರ ಗೆರೆ ಕಾಣುತ್ತದೆ. ಅಳತೆಪಟ್ಟಿ ಇಲ್ಲದೆ, ಪೆನ್ಸಿಲ್ ಇಲ್ಲದೆ ಅಷ್ಟು ನೇರವಾದ ಗೆರೆ ಬಂತಲ್ಲ ಎಂದು ಮಕ್ಕಳು ಮೊದಲು ಅಲ್ಲಿಯೇ ನಿಲ್ಲುತ್ತಾರೆ. ನಿಲ್ಲಲಿ.

ಆಮೇಲೆ ಕಾಗದವನ್ನು ಮತ್ತೆ ಮಡಿಸಿ, ಆ ಮಡಿಕೆಯೇ ತನ್ನ ಮೇಲೆ ತಾನು ಕೂರುವ ಹಾಗೆ ಇನ್ನೊಂದು ಸಲ ಮಡಿಸಬೇಕು. ಈಗ ಕೈಯಲ್ಲಿ ಒಂದು ಮೂಲೆ ಇರುತ್ತದೆ. ಅದನ್ನು ಪುಸ್ತಕದ ಮೂಲೆಗೆ, ಕಿಟಕಿಯ ಚೌಕಟ್ಟಿಗೆ, ಪಕ್ಕದವರ ಮೂಲೆಗೆ ಇಟ್ಟು ನೋಡಲು ಬಿಡಿ. ಮೂವತ್ತು ಮಕ್ಕಳ ಕೈಯಲ್ಲಿ ಮೂವತ್ತು ಆಕಾರದ ಕಾಗದ ಇದ್ದರೂ ಮೂಲೆ ಮಾತ್ರ ಎಲ್ಲರದೂ ಒಂದೇ. ಪೂರ್ತಿ ಬಿಡಿಸಿದರೆ ಎರಡು ಗೆರೆಗಳು ಒಂದನ್ನೊಂದು ದಾಟಿರುತ್ತವೆ, ದಾಟಿದ ಜಾಗ ಒಂದೇ ಒಂದು, ಅದರ ಸುತ್ತ ನಾಲ್ಕು ಸಮನಾದ ಮೂಲೆಗಳು. ಬಿಂದು, ರೇಖೆ, ಕೋನ, ಸಮತಲ ನಾಲ್ಕೂ ಆ ಹರಕು ಕಾಗದದಲ್ಲಿ ಸಿಕ್ಕಿಬಿಟ್ಟವು. ಹೆಸರುಗಳನ್ನು ನಾಳೆ ಹೇಳಿದರಾಯಿತು.

ಬಿಂದುವಿಗೆ ಉದ್ದ, ಅಗಲ, ದಪ್ಪ ಯಾವುದೂ ಇಲ್ಲ ಎಂದರೆ ಮಗು ಒಪ್ಪುವುದೇ ಇಲ್ಲ. ಹೇಗೆ ಒಪ್ಪಿಸುವುದು?

ಒಪ್ಪದಿರುವುದು ಒಳ್ಳೆಯ ಲಕ್ಷಣ. "ನಾನು ಇಟ್ಟ ಚುಕ್ಕಿ ಕಾಣಿಸುತ್ತಿದೆ, ಅಂದ ಮೇಲೆ ಅದಕ್ಕೆ ಗಾತ್ರ ಇದ್ದೇ ಇದೆ" ಎಂದು ವಾದಿಸುವ ಮಗು ಸರಿಯಾಗಿಯೇ ಯೋಚಿಸುತ್ತಿದೆ. ನಾವು ಹೇಳಬೇಕಾದದ್ದು ಇಷ್ಟು: ಕಾಗದದ ಮೇಲಿನ ಚುಕ್ಕಿ ಬಿಂದುವಿನ ಗುರುತು, ಬಿಂದು ಎಂದರೆ ಆ ಚುಕ್ಕಿ ತೋರಿಸುವ ಸ್ಥಾನ.

ಇದಕ್ಕೆ ರಂಗೋಲಿಗಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಏಳರಿಂದ ನಾಲ್ಕರವರೆಗೆ ಮಧ್ಯಚುಕ್ಕಿ ಇಡುವ ರಂಗೋಲಿಯನ್ನು ನೆಲದ ಮೇಲೆಯೇ ಹಾಕಿಸುತ್ತೇನೆ. ನಡುವಿನ ಸಾಲಿನಲ್ಲಿ ಏಳು, ಅದರ ಎರಡೂ ಕಡೆಗೆ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿ. ಒಬ್ಬಳು ಚಿಟಿಕೆ ತುಂಬ ಪುಡಿ ಹಿಡಿದು ದಪ್ಪ ಚುಕ್ಕಿ ಇಡುತ್ತಾಳೆ, ಇನ್ನೊಬ್ಬಳು ಸಾಸಿವೆ ಕಾಳಿನಷ್ಟು ಸಣ್ಣದಾಗಿ ಇಡುತ್ತಾಳೆ. ಎಳೆ ಎಳೆದು ಮುಗಿಸಿದ ಮೇಲೆ ಎರಡೂ ರಂಗೋಲಿಯ ಆಕಾರ ಒಂದೇ. ಚುಕ್ಕಿ ಎಷ್ಟು ದಪ್ಪ ಎಂಬುದು ಲೆಕ್ಕಕ್ಕೆ ಬರಲಿಲ್ಲ, ಎಲ್ಲಿ ಇದೆ ಎಂಬುದು ಮಾತ್ರ ಬಂತು. ಆದರೆ ಒಂದು ಚುಕ್ಕಿಯನ್ನು ಎರಡು ಬೆರಳು ಆಚೆ ಸರಿಸಿ ಎಳೆ ಎಳೆಯಲು ಹೇಳಿ. ಇಡೀ ರಂಗೋಲಿ ಕೆಡುತ್ತದೆ. ಇಷ್ಟು ನೋಡಿದ ಮಗುವಿಗೆ "ಬಿಂದು ಎಂದರೆ ಸ್ಥಾನ" ಎಂಬ ಮಾತು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಸುಮಾರು ಕ್ರಿ.ಪೂ. 300ರಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಭಾಗಗಳಿಲ್ಲದ್ದೇ ಬಿಂದು, ಅಗಲವಿಲ್ಲದ ಉದ್ದವೇ ರೇಖೆ ಎಂದು ವ್ಯಾಖ್ಯಾನ ಕೊಟ್ಟ. ಆದರೆ "ಭಾಗ" ಎಂದರೇನು, "ಅಗಲ" ಎಂದರೇನು ಎಂದು ಮತ್ತೆ ಕೇಳಬಹುದಲ್ಲ! 1899ರಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಬಿಂದು, ರೇಖೆ, ಸಮತಲ ಈ ಮೂರನ್ನೂ ವ್ಯಾಖ್ಯಾನಿಸದೆ ಬಿಟ್ಟು, ಅವು ಒಂದಕ್ಕೊಂದು ಹೇಗೆ ಸಂಬಂಧಪಡುತ್ತವೆ ಎಂಬ ನಿಯಮಗಳಿಂದಲೇ ರೇಖಾಗಣಿತವನ್ನು ಕಟ್ಟಿದ. ಆದ್ದರಿಂದ ಬಿಂದುವಿನ ವ್ಯಾಖ್ಯಾನ ಒಪ್ಪಿಸಲು ಆಗದ ಮಗುವಿನ ಅಂಕ ಕಳೆಯುವುದನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ರೇಖೆ, ರೇಖಾಖಂಡ, ಕಿರಣ: ಈ ಮೂರರಲ್ಲಿ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ನೆನಪಿಟ್ಟುಕೊಳ್ಳಲು ಸುಲಭದ ದಾರಿ ಇದೆಯೇ?

ಕೇಳಬೇಕಾದ ಪ್ರಶ್ನೆ ಒಂದೇ: ತುದಿ ಎಷ್ಟು? ರೇಖಾಖಂಡಕ್ಕೆ ಎರಡು, ಕಿರಣಕ್ಕೆ ಒಂದು, ರೇಖೆಗೆ ಒಂದೂ ಇಲ್ಲ. ತುದಿ ಇಲ್ಲದ ಕಡೆ ಬಾಣದ ಗುರುತು ಹಾಕುತ್ತೇವೆ. ಎರಡು ತುದಿ ಇರುವ ರೇಖಾಖಂಡವನ್ನು ಮಾತ್ರ ಅಳೆಯಬಹುದು. "ಈ ರೇಖೆಯ ಉದ್ದ ಐದು ಸೆಂಟಿಮೀಟರ್" ಎಂದು ಬರೆಸುವುದು ತಪ್ಪು.

ಇಷ್ಟು ಹೇಳಿದರೆ ಪರೀಕ್ಷೆಗೆ ಸಾಕು. ಮನಸ್ಸಿನಲ್ಲಿ ನಿಲ್ಲಲು ನಮ್ಮ ಊರಿನ ಕಥೆಯೇ ಇದೆ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಪೇಟೆಯನ್ನು ಕಟ್ಟಿಸುವಾಗ, ಇವತ್ತಿನ ಚಿಕ್ಕಪೇಟೆಯೂ ಅವೆನ್ಯೂ ರಸ್ತೆಯೂ ಕೂಡುವ ಕಡೆ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಹೊರಡಿಸಿದರು, ನೇಗಿಲ ಗೆರೆಗಳೇ ಬೀದಿಗಳಾದವು ಎಂಬ ಐತಿಹ್ಯ ನಮ್ಮ ಮಕ್ಕಳಿಗೆ ಗೊತ್ತು. ಅದನ್ನು ಹಲಗೆಯ ಮೇಲೆ ಬರೆಯಿರಿ. ನೇಗಿಲು ಹೊರಟ ಜಾಗ ಒಂದು ಬಿಂದು. ಎತ್ತುಗಳು ಎಲ್ಲಿಯೋ ನಿಂತರೆ, ಹೊರಟ ಜಾಗದಿಂದ ನಿಂತ ಜಾಗದವರೆಗಿನ ಗೆರೆ ರೇಖಾಖಂಡ. ಎತ್ತುಗಳು ನಿಲ್ಲದೆ, ತಿರುಗದೆ ಹೋಗುತ್ತಲೇ ಇದ್ದವು ಎಂದು ಊಹಿಸಿದರೆ ಅದು ಕಿರಣ. ಪೂರ್ವಕ್ಕೆ ಹೋದ ಕಿರಣವನ್ನೂ ಪಶ್ಚಿಮಕ್ಕೆ ಹೋದ ಕಿರಣವನ್ನೂ ಒಟ್ಟಿಗೆ ನೋಡಿದರೆ ಒಂದು ರೇಖೆ. ಪಕ್ಕಪಕ್ಕದ ಎರಡು ನೇಗಿಲ ಗೆರೆಗಳ ನಡುವೆ ಒಂದು ಕೋನ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಹಾಗಾದರೆ ಎತ್ತುಗಳು ಭೂಮಿಯನ್ನು ಸುತ್ತಿ ವಾಪಸು ಅಲ್ಲಿಗೇ ಬರುತ್ತವಲ್ಲ?" ಎಂದು ಕೇಳಿದ. ಗೋಳದ ಮೇಲಿನ ರೇಖಾಗಣಿತ ಬೇರೆಯೇ ಇದೆ, ಅದಕ್ಕೂ ಒಂದು ದಿನ ಬರುತ್ತೇವೆ ಎಂದು ಹೇಳಿ ಅವನ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

"ಕಿರಣ" ಎಂಬ ಪದ ಮಕ್ಕಳಿಗೆ ಹೊಸದಲ್ಲ. ಮಕರ ಸಂಕ್ರಾಂತಿಯ ಸಂಜೆ ಗವಿಪುರದ ಗವಿಗಂಗಾಧರೇಶ್ವರ ದೇವಾಲಯದಲ್ಲಿ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಶಿವಲಿಂಗವನ್ನು ಮುಟ್ಟುವುದನ್ನು ಬಹಳ ಮಕ್ಕಳು ಟಿ.ವಿ.ಯಲ್ಲಾದರೂ ನೋಡಿರುತ್ತಾರೆ. ಒಂದು ಕಡೆಯಿಂದ ಹೊರಟು ಒಂದೇ ದಿಕ್ಕಿಗೆ ನೇರವಾಗಿ ಸಾಗುವುದು ಎಂಬ ಅರ್ಥ ಆ ಪದದಲ್ಲಿಯೇ ಇದೆ.

ರೇಖಾಖಂಡಕ್ಕೂ ಬೆಂಗಳೂರಿನದೇ ಒಂದು ದೊಡ್ಡ ಉದಾಹರಣೆ ಇದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ನೂರು ಅಡಿಯ ಉಕ್ಕಿನ ಸರಪಳಿಯಿಂದ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದವಾದ ಒಂದು ಆಧಾರ ರೇಖೆಯನ್ನು ಅಳೆದ. ಹೆಸರು ರೇಖೆಯಾದರೂ ಎರಡು ತುದಿ ಇರುವುದರಿಂದ ಅದು ರೇಖಾಖಂಡವೇ. ಅದರ ಉದ್ದವೂ ಎರಡು ತುದಿಗಳಿಂದ ದೂರದ ಗುಡ್ಡವನ್ನು ನೋಡುವ ಕೋನಗಳೂ ಗೊತ್ತಾದರೆ, ಗುಡ್ಡದವರೆಗೆ ಸರಪಳಿ ಎಳೆಯದೆಯೇ ದೂರ ಸಿಗುತ್ತದೆ. 1802ರಲ್ಲಿ ಮದರಾಸಿನ ಬಳಿಯೂ ಇಂಥದ್ದೇ ಆಧಾರ ರೇಖೆ ಅಳೆದು, ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಭಾರತದ ಭೂಮಾಪನ ಮುಂದುವರಿಯಿತು.

ಹೆಸರು ಬರೆಯುವಾಗ ಅಕ್ಷರಗಳ ಕ್ರಮ ಮುಖ್ಯವೇ?

ರೇಖೆಗೂ ರೇಖಾಖಂಡಕ್ಕೂ ಮುಖ್ಯವಲ್ಲ. ಅಬ ಎಂದರೂ ಬಅ ಎಂದರೂ ಒಂದೇ. ಕಿರಣಕ್ಕೆ ಮುಖ್ಯ. ಕಿರಣ ಅಬ ಎಂದರೆ ಅ ಇಂದ ಹೊರಟು ಬ ಕಡೆಗೆ, ಕಿರಣ ಬಅ ಎಂದರೆ ಬ ಇಂದ ಹೊರಟು ಅ ಕಡೆಗೆ. ಮೆಜೆಸ್ಟಿಕ್‌ನಿಂದ ಲಾಲ್‌ಬಾಗ್ ಕಡೆಗೆ ಹೋಗುವ ಮೆಟ್ರೊ ರೈಲನ್ನೂ ಲಾಲ್‌ಬಾಗ್‌ನಿಂದ ಮೆಜೆಸ್ಟಿಕ್ ಕಡೆಗೆ ಬರುವ ರೈಲನ್ನೂ ಯಾವ ಮಗುವೂ ಒಂದೇ ಎನ್ನುವುದಿಲ್ಲ. ಕೋನಕ್ಕೆ ಮೂರು ಅಕ್ಷರ ಬರೆದರೆ ಶೃಂಗದ, ಅಂದರೆ ಎರಡು ಕಿರಣಗಳು ಕೂಡುವ ಬಿಂದುವಿನ, ಅಕ್ಷರ ನಡುವೆ ಇರಬೇಕು.

ಒಂದೇ ರೇಖೆಯ ಮೇಲೆ ನಾಲ್ಕು ಬಿಂದುಗಳಿದ್ದರೆ ರೇಖಾಖಂಡ ಎಷ್ಟು? ಮಗು ಮೂರು ಎನ್ನುತ್ತದೆ.

ಮೂರು ಎನ್ನುವ ಮಗು ಪಕ್ಕಪಕ್ಕದ್ದನ್ನು ಮಾತ್ರ ಎಣಿಸಿದೆ. ನಮ್ಮ ಮೆಟ್ರೊದ ಹಸಿರು ಮಾರ್ಗದ ನಾಲ್ಕು ನಿಲ್ದಾಣಗಳನ್ನು ಬರೆಯಿರಿ: ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು. ಎಲ್ಲಿಂದ ಎಲ್ಲಿಗೆ ಟಿಕೆಟ್ ತೆಗೆದುಕೊಳ್ಳಬಹುದು ಎಂದು ಕೇಳಿ. ಮೆಜೆಸ್ಟಿಕ್‌ನಿಂದ ಮೂರು ಕಡೆಗೆ, ಚಿಕ್ಕಪೇಟೆಯಿಂದ ಮುಂದಕ್ಕೆ ಎರಡು, ಮಾರುಕಟ್ಟೆಯಿಂದ ಒಂದು. ಒಟ್ಟು ಆರು. ಐದನೇ ನಿಲ್ದಾಣವಾಗಿ ಲಾಲ್‌ಬಾಗ್ ಸೇರಿಸಿದರೆ ಇನ್ನು ನಾಲ್ಕು ಸೇರಿ ಹತ್ತು. ಸೂತ್ರವನ್ನು ಮಕ್ಕಳೇ ಹುಡುಕಲಿ, ದಯವಿಟ್ಟು ಮೊದಲೇ ಹೇಳಬೇಡಿ. ನಿಜವಾದ ಹಳಿ ಅಲ್ಲಲ್ಲಿ ಬಾಗುತ್ತದೆ, ಗೋಡೆಯ ಮೇಲಿನ ನಕ್ಷೆಯಲ್ಲಿ ಮಾತ್ರ ಅದು ನೇರ ಎಂಬುದನ್ನೂ ಹೇಳಬೇಕು.

ಸಮತಲ ಎಂದರೆ ಮೇಜಿನ ಮೇಲ್ಮೈ ಎಂದರೆ ಸಾಕಲ್ಲವೇ?

ಶುರುವಿಗೆ ಸಾಕು. ಮೇಜಿಗೆ ಅಂಚು ಇದೆ, ಸಮತಲಕ್ಕೆ ಇಲ್ಲ. ಅದು ಎಲ್ಲ ಕಡೆಗೂ ಹರಡುತ್ತಲೇ ಇರುತ್ತದೆ. ಅದಕ್ಕೆ ದಪ್ಪವೂ ಇಲ್ಲ. ಇಲ್ಲಿ ನಮ್ಮ ಗಾದೆಯೇ ಕೈಹಿಡಿಯುತ್ತದೆ: ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ. ಚಾಪೆಗೆ ಒಂದಿಷ್ಟು ದಪ್ಪ ಇದೆ, ರಂಗೋಲಿಗೆ ಅದಕ್ಕಿಂತ ಕಡಿಮೆ. ರಂಗೋಲಿಯ ಕೆಳಗೂ ತೂರಿದವನು ಇನ್ನೂ ತೆಳ್ಳಗಿನದರ ಕೆಳಗೆ ತೂರಲಿ, ಅದಕ್ಕಿಂತ ತೆಳ್ಳಗಿನದರ ಕೆಳಗೆ ತೂರಲಿ ಎಂದು ಹೇಳುತ್ತ ಹೋದರೆ ಮಕ್ಕಳು ನಗುನಗುತ್ತ ದಪ್ಪವೇ ಇಲ್ಲದ ಜಾಗಕ್ಕೆ ಬಂದು ನಿಲ್ಲುತ್ತಾರೆ.

ನಾಲ್ಕು ಕಾಲಿನ ಸ್ಟೂಲು ಅಲ್ಲಾಡಬಹುದು, ಮೂರು ಕಲ್ಲಿನ ಒಲೆಯ ಮೇಲಿಟ್ಟ ಪಾತ್ರೆ ಅಲ್ಲಾಡುವುದಿಲ್ಲ. ಏಕೆಂದರೆ ಒಂದೇ ರೇಖೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗುತ್ತದೆ; ನಾಲ್ಕನೆಯದು ಅದೇ ಸಮತಲದಲ್ಲಿ ಇರಲೇಬೇಕೆಂದಿಲ್ಲ.

ಎಂದೂ ಕೂಡದ ರೇಖೆಗಳೇ ಸಮಾಂತರ ರೇಖೆಗಳು ಎಂದು ಹೇಳಿಕೊಟ್ಟಿದ್ದೇವೆ. ಸರಿಯೇ?

ಅರ್ಧ ಸರಿ. "ಒಂದೇ ಸಮತಲದಲ್ಲಿ" ಎಂಬ ಮಾತು ಬಿಟ್ಟುಹೋಗಿದೆ. ಮೇಲೆ ಮೆಟ್ರೊ ಸೇತುವೆ ಹಾದುಹೋಗುವ, ಕೆಳಗೆ ರಸ್ತೆ ಅದಕ್ಕೆ ಅಡ್ಡವಾಗಿ ದಾಟುವ ಯಾವುದಾದರೂ ವೃತ್ತದಲ್ಲಿ ಮಗುವನ್ನು ನಿಲ್ಲಿಸಿ. ಎರಡೂ ಕೂಡುವುದಿಲ್ಲ, ಆದರೂ ಸಮಾಂತರವಲ್ಲ. ಎರಡೂ ಒಟ್ಟಿಗೆ ಇರಬಹುದಾದ ಒಂದೇ ಸಮತಲ ಇಲ್ಲ. ನಮ್ಮ ನಗರದಲ್ಲಿ ಇಂಥ ಜಾಗಕ್ಕೆ ಬರವಿಲ್ಲ.

ಹಳಿಗಳು ದೂರದಲ್ಲಿ ಕೂಡುವಂತೆ ಕಾಣುವುದು ಕಣ್ಣಿನ ಭ್ರಮೆ. ನಮ್ಮ ಮೆಟ್ರೊ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್, ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಹಳಿಗಳದ್ದು 1676. ನೇರ ದಾರಿಯಲ್ಲಿ ಎಲ್ಲಿ ಅಳೆದರೂ ಅಷ್ಟೇ.

ಕೋನದಲ್ಲಿ ಮಕ್ಕಳು ಮಾಡುವ ದೊಡ್ಡ ತಪ್ಪು ಯಾವುದು?

ಬಾಹು, ಅಂದರೆ ಕೋನದ ಎರಡು ಬದಿಯ ಗೆರೆ, ಉದ್ದವಾದರೆ ಕೋನವೂ ದೊಡ್ಡದು ಎಂದುಕೊಳ್ಳುವುದು. ಹಲಗೆಯ ಮೇಲೆ ಬರೆದ 40 ಡಿಗ್ರಿಗಿಂತ ಪುಸ್ತಕದಲ್ಲಿ ಬರೆದ 40 ಡಿಗ್ರಿ ಚಿಕ್ಕದು ಎಂದು ಏಳನೇ ತರಗತಿಯ ಮಕ್ಕಳೂ ಹೇಳುವುದನ್ನು ಕೇಳಿದ್ದೇನೆ. ಇದು ಮಕ್ಕಳ ದಡ್ಡತನವಲ್ಲ. ಕೋನವನ್ನು ನಾವು ಯಾವಾಗಲೂ ನಿಂತ ಚಿತ್ರವಾಗಿ ತೋರಿಸುತ್ತೇವೆ, ಅದು ತಿರುಗುವಿಕೆಯ ಅಳತೆ ಎಂದು ತೋರಿಸುವುದೇ ಇಲ್ಲ.

ಎರಡು ಪೊರಕೆ ಕಡ್ಡಿಗಳ ಒಂದು ತುದಿಯನ್ನು ದಾರದಿಂದ ಕಟ್ಟಿ ಕೊಡಿ. ಒಂದರ ಮೇಲೊಂದು ಇಟ್ಟು, ಮೇಲಿನದನ್ನು ನಿಧಾನವಾಗಿ ತಿರುಗಿಸಲಿ. ಕಾಗದದ ಮೂಲೆಯಷ್ಟು ತಿರುಗಿದರೆ ಲಂಬಕೋನ, ಅದಕ್ಕಿಂತ ಕಡಿಮೆ ಇದ್ದರೆ ಲಘುಕೋನ, ಮೂಲೆಯನ್ನು ದಾಟಿದರೆ ವಿಶಾಲಕೋನ, ಎರಡೂ ಕಡ್ಡಿ ಒಂದೇ ನೇರಕ್ಕೆ ಬಂದರೆ ಸರಳಕೋನ. ಈಗ ಕಡ್ಡಿಗಳ ತುದಿ ಮುರಿದು ಗಿಡ್ಡ ಮಾಡಿ, ಕೋನ ಬದಲಾಯಿತೇ ಎಂದು ಕೇಳಿ. ಮೂರು ಗಂಟೆಗೆ ಗೋಡೆ ಗಡಿಯಾರವನ್ನೂ ಅಜ್ಜನ ಕೈಗಡಿಯಾರವನ್ನೂ ಒಟ್ಟಿಗೆ ನೋಡಲು ಹೇಳಿ. ಮುಳ್ಳುಗಳ ಉದ್ದ ಬೇರೆ, ಕೋನ ಎರಡರಲ್ಲಿಯೂ 90 ಡಿಗ್ರಿ.

ಗಡಿಯಾರ ಸಿಕ್ಕಿದ ಮೇಲೆ ಬಿಡಬೇಡಿ. ಹನ್ನೆರಡೂವರೆಗೆ ಕೋನ ಎಷ್ಟು ಎಂದು ಕೇಳಿದರೆ ತರಗತಿಯೆಲ್ಲ 180 ಎನ್ನುತ್ತದೆ. ಅರ್ಧ ಗಂಟೆಯಲ್ಲಿ ಗಂಟೆ ಮುಳ್ಳೂ 15 ಡಿಗ್ರಿ ಮುಂದೆ ಹೋಗಿರುತ್ತದೆ, ಹಾಗಾಗಿ ಉತ್ತರ 165. ಇದನ್ನು ತಾನೇ ಕಂಡುಕೊಂಡ ಮಗುವಿನ ಮುಖವನ್ನು ನೋಡಲಿಕ್ಕಾದರೂ ಈ ಪ್ರಶ್ನೆ ಕೇಳಬೇಕು. ಒಂದು ಸುತ್ತಿಗೆ 360 ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಬ್ಯಾಬಿಲೋನಿಯದವರ ಅರವತ್ತರ ಎಣಿಕೆಯಿಂದ ಬಂದದ್ದು. ಶೇಷವಿಲ್ಲದೆ ಭಾಗಿಸಲು 360ಕ್ಕೆ 24 ಸಂಖ್ಯೆಗಳಿವೆ, ನೂರಕ್ಕೆ ಒಂಬತ್ತೇ.

ಮಗಳು ಕೋನಮಾಪಕದಲ್ಲಿ 60ರ ಬದಲು 120 ಎಂದು ಓದುತ್ತಾಳೆ. ಏನು ಮಾಡಲಿ?

ಎರಡು ಸಾಲು ಅಂಕಿಗಳಿರುವುದರಿಂದ ಆಗುವ ತಪ್ಪು ಅದು. ಅಳೆಯುವ ಮೊದಲು, ಕಾಗದದ ಮೂಲೆಗಿಂತ ಇದು ದೊಡ್ಡದೋ ಚಿಕ್ಕದೋ ಎಂದು ಅವಳೇ ಬಾಯಿಬಿಟ್ಟು ಹೇಳಲಿ. ಚಿಕ್ಕದು ಎಂದವಳು 120 ಎಂದು ಬರೆಯುವುದಿಲ್ಲ. ಅಳತೆಪಟ್ಟಿಯಲ್ಲಿಯೂ ಇಂಥದ್ದೇ ಒಂದು ಅಭ್ಯಾಸ ಬೇಕು: ಪಟ್ಟಿಯ ಅಂಚಿನಿಂದಲ್ಲ, ಸೊನ್ನೆಯ ಗೆರೆಯಿಂದ ಅಳೆಯಬೇಕು.

ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ. ಮನೆಯಲ್ಲಿ ಕನ್ನಡ ಪದಗಳನ್ನು ಹೇಳಿದರೆ ಗೊಂದಲವಾಗುವುದಿಲ್ಲವೇ?

ನನ್ನ ಅನುಭವದಲ್ಲಿ ಗೊಂದಲ ಕಡಿಮೆಯಾಗುತ್ತದೆ. ಲೈನ್ ಸೆಗ್ಮೆಂಟ್ ಎಂಬುದು ಮಗುವಿಗೆ ಬರಿಯ ಸದ್ದು. ರೇಖಾಖಂಡ ಎಂದರೆ ರೇಖೆಯ ತುಂಡು ಎಂದು ಬಿಡಿಸಿ ಹೇಳಬಹುದು. ಸಮತಲ, ಸಮಾಂತರ ಎಂಬ ಪದಗಳನ್ನು ಬಿಡಿಸಿದರೆ ಅರ್ಧ ಅರ್ಥ ಅಲ್ಲೇ ಸಿಗುತ್ತದೆ. ಸಮ ಅಂತರ, ಇನ್ನೇನು ಬೇಕು? ರೇಖಾಗಣಿತದ ಇನ್ನೊಂದು ಹೆಸರಾದ ಜ್ಯಾಮಿತಿಯ "ಜ್ಯಾ" ಎಂದರೆ ಬಿಲ್ಲಿನ ಹೆದೆ, ಭೂಮಿ ಎಂಬ ಅರ್ಥವೂ ಇದೆ. "ಮಿತಿ" ಎಂದರೆ ಅಳತೆ. ಇದು ಎರವಲು ತಂದ ವಿದ್ಯೆ ಎಂಬ ಭಾವನೆ ಮಕ್ಕಳಿಗೆ ಬರಬಾರದು. 12ನೇ ಶತಮಾನದಲ್ಲಿಯೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಗ್ರಂಥಗಳನ್ನು ಬರೆದ, ಅವುಗಳಲ್ಲಿ ಒಂದರ ಹೆಸರೇ ಕ್ಷೇತ್ರಗಣಿತ. ಯಜ್ಞವೇದಿ ಕಟ್ಟುವ ಅಳತೆಗಳನ್ನು ಹೇಳುವ ಪ್ರಾಚೀನ ಗ್ರಂಥಗಳಾದ ಶುಲ್ಬಸೂತ್ರಗಳ "ಶುಲ್ಬ" ಎಂದರೆ ಹಗ್ಗ. ಯಜ್ಞವೇದಿಯ ಅಳತೆಯನ್ನು ಗೂಟ ನೆಟ್ಟು ಹಗ್ಗ ಎಳೆದೇ ಹಾಕುತ್ತಿದ್ದರು.

ಎರಡೂ ಹೆಸರು ಹೇಳಿಕೊಡಿ. ಪರೀಕ್ಷೆಯಲ್ಲಿ ಶಾಲೆಯ ಪದ ಬರೆಯಲಿ, ಯೋಚಿಸುವಾಗ ಮನೆಯ ಪದ ಇರಲಿ.

ಮೊಬೈಲ್ ಆಪ್‌ಗಳಿಂದ ಕಲಿಯಬಹುದೇ?

ಜಿಯೋಜೀಬ್ರಾ ಎಂಬ ಗಣಿತದ ಆಪ್ ಉಚಿತವಾಗಿ ಸಿಗುತ್ತದೆ, ಚೆನ್ನಾಗಿದೆ. ಬಿಂದುವನ್ನು ಎಳೆದರೆ ಕೋನ ಬದಲಾಗುವುದನ್ನು ಅದರಲ್ಲಿ ಕಣ್ಣಾರೆ ನೋಡಬಹುದು. ಆದರೆ ಕಾಗದ, ದಾರ, ಕಡ್ಡಿಯ ಕೆಲಸ ಮುಗಿದ ಮೇಲೆ ಬರಲಿ.

ದೃಷ್ಟಿ ಮಂದವಾಗಿರುವ ಮಗುವಿಗೆ ಹೇಗೆ ಹೇಳಿಕೊಡುವುದು?

ರಟ್ಟಿನ ಮೇಲೆ ದಪ್ಪ ದಾರವನ್ನು ಬಿಗಿಯಾಗಿ ಎಳೆದು ಅಂಟಿಸಿ. ತುದಿ ಇರುವ ಕಡೆ ಒಂದು ಹೆಸರುಕಾಳು ಅಂಟಿಸಿ, ತುದಿ ಇಲ್ಲದ ಕಡೆ ದಾರವನ್ನು ರಟ್ಟಿನ ಅಂಚಿನಿಂದ ಹೊರಕ್ಕೆ ಬಿಡಿ. ಬೆರಳು ಹಾಯಿಸಿದರೆ ರೇಖೆ, ಕಿರಣ, ರೇಖಾಖಂಡ ಮೂರೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಉಳಿದ ಮಕ್ಕಳಿಗೂ ಕಣ್ಣು ಮುಚ್ಚಿಸಿ ಇದನ್ನೇ ಮಾಡಿಸುತ್ತೇನೆ.

ಇದನ್ನೆಲ್ಲ ಕಲಿತು ಏನು ಉಪಯೋಗ ಎಂದು ಮಗು ಕೇಳಿದರೆ?

ಪಾಯ ಹಾಕುತ್ತಿರುವ ಯಾವುದಾದರೂ ಸೈಟಿಗೆ ಕರೆದುಕೊಂಡು ಹೋಗಿ, ಮೊದಲು ಮೇಸ್ತ್ರಿಯ ಅನುಮತಿ ಕೇಳಿ. ನಾನು ಒಂದು ಭಾನುವಾರ ಐದು ಮಕ್ಕಳನ್ನು ಹಾಗೆ ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನವರಿಗೆ ಚಿರಪರಿಚಿತವಾದ ಮೂವತ್ತು–ನಲವತ್ತು ಅಡಿಯ ಸೈಟು. ಮೇಸ್ತ್ರಿ ನಾಲ್ಕು ಮೂಲೆಗೆ ಗೂಟ ಬಡಿದು ದಾರ ಕಟ್ಟಿದ್ದರು. ಒಂದು ಮೂಲೆಯಿಂದ ಒಂದು ದಾರದ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಹಾಕಿ, ಎರಡು ಗುರುತುಗಳ ನಡುವೆ ಟೇಪು ಹಿಡಿದರು. ಐದು ಅಡಿ ಬಂದರೆ ಮೂಲೆ ಮಟ್ಟವಾಗಿದೆ, ಅಂದರೆ ಲಂಬಕೋನವಾಗಿದೆ ಎಂದರು. ಐದಕ್ಕೆ ಕೂದಲೆಳೆಯಷ್ಟು ಹೆಚ್ಚು ಬರುತ್ತಿತ್ತು.

"ಚಿಕ್ಕ ಅಳತೆಯಲ್ಲಿ ತಪ್ಪು ಕಾಣಿಸುವುದಿಲ್ಲ, ಮೂಲೆಯಿಂದ ಮೂಲೆಗೆ ಹಿಡಿಯಿರಿ" ಎಂದು ಟೇಪಿನ ಒಂದು ತುದಿಯನ್ನು ಆರನೇ ತರಗತಿಯ ಹುಡುಗಿಯ ಕೈಗೆ ಕೊಟ್ಟರು. ಮೂವತ್ತು, ನಲವತ್ತಕ್ಕೆ ಕರ್ಣ ಸರಿಯಾಗಿ ಐವತ್ತು ಅಡಿ ಇರಬೇಕು. ಒಂದು ಕರ್ಣ ಐವತ್ತು ಅಡಿ ಎರಡು ಇಂಚು, ಇನ್ನೊಂದು ನಲವತ್ತೊಂಬತ್ತು ಅಡಿ ಹತ್ತು ಇಂಚು ಬಂತು. ಮೇಸ್ತ್ರಿ ಹಿಂದಿನ ಎರಡು ಗೂಟಗಳನ್ನು ಕಿತ್ತು, ತುಸು ಎಡಕ್ಕೆ ಸರಿಸಿ ಬಡಿದು, ದಾರ ಬಿಗಿದು ಮತ್ತೆ ಅಳೆಯಲು ಹೇಳಿದರು. ಹುಡುಗಿ ಮಂಡಿಯೂರಿ ಕೂತು, ಗೂಟದ ತಲೆಗೆ ಬಡಿದಿದ್ದ ಮೊಳೆಯ ಮೇಲೆ ಟೇಪಿನ ಸೊನ್ನೆಯನ್ನು ಇಟ್ಟಳು. ಆ ಕಡೆಯಿಂದ ಮೇಸ್ತ್ರಿ ಕೂಗಿದರು: "ಐವತ್ತು!" ಇನ್ನೊಂದು ಕರ್ಣಕ್ಕೆ ಅವಳು ಯಾರೂ ಹೇಳುವ ಮೊದಲೇ ಓಡಿದಳು.